ಮೂರನೆಯ ತೂಕ

ಮನುಷ್ಯ ಹೋದರೂ ಅವನ ಕೈಯಿಂದಾದ ಕೆಲಸ ಉಳಿಯುತ್ತದೆ ಎಂದು ಶ್ರದ್ಧಾಂಜಲಿ ಸಭೆಗಳಲ್ಲಿ ಹೇಳುವುದು ವಾಡಿಕೆ. ನಾನು ಬಲ್ಲ ಒಬ್ಬರ ವಿಷಯದಲ್ಲಿ ಇದು ಅಕ್ಷರಶಃ ನಿಜ. ಅವರ ಕೈಯಿಂದಾದದ್ದು ಇನ್ನು ಇಪ್ಪತ್ತನಾಲ್ಕು ಸಾವಿರ ವರ್ಷ ಕಳೆದ ಮೇಲೂ ಅರ್ಧದಷ್ಟು ಉಳಿದಿರುತ್ತದೆ. ಹಾಗೆ ಉಳಿಯುತ್ತದಲ್ಲ ಎಂಬುದೇ ಸರ್ಕಾರದ ತಲೆನೋವು.

ಅವರು ಪ್ಲುಟೋನಿಯಂ ಸಂಸ್ಕರಣೆಯ ಕೆಲಸದಲ್ಲಿದ್ದವರು. ದಕ್ಷಿಣ ಕೆರೊಲಿನಾದ ಏಕೆನ್ ಊರಿನಾಚೆ, ಪೈನ್ ಮರಗಳ ಮರೆಯಲ್ಲಿ, ಬಾಂಬಿನ ಕಾಲದಿಂದಲೂ ಇರುವ ದೊಡ್ಡದೊಂದು ಸರ್ಕಾರಿ ಆವರಣದಲ್ಲಿ (ಅಲ್ಲಿಯವರಿಗೆ ಅದು ಬರೀ 'ಸೈಟ್') ನಲವತ್ತು ವರ್ಷದ ಹತ್ತಿರ ದುಡಿದರು. ಕಳೆದ ಚಳಿಗಾಲದಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಫ್ಯೂನರಲ್ ಹೋಮಿನಲ್ಲಿ ಕನ್ನಡ ಸಂಘದ ಅಧ್ಯಕ್ಷರು, ದಿವಂಗತರು ಕೆಮಿಕಲ್ ಕಂಪನಿಯೊಂದರ ಉನ್ನತ ಹುದ್ದೆಯಲ್ಲಿದ್ದರು ಎಂದರು. ಅದು ಕಂಪನಿಯಲ್ಲ, ಹುದ್ದೆ ಉನ್ನತವೂ ಅಲ್ಲ. ನನ್ನ ಪಕ್ಕದಲ್ಲಿ ಕೂತಿದ್ದವರು ನನ್ನ ಕಿವಿಯ ಹತ್ತಿರ ಬಾಗಿ, "ರಬ್ಬರ್ ಗ್ಲೌಸ್ ಬಿಸಿನೆಸ್ ಅಲ್ವಾ ಅವರದ್ದು?" ಎಂದರು. ಇದು ಸತ್ಯಕ್ಕೆ ಒಂದು ಗೇಣು ಹತ್ತಿರವಿತ್ತು. ನನಗೆ ಇವರೆಲ್ಲರಿಗಿಂತ ಸ್ವಲ್ಪ ಹೆಚ್ಚು ಗೊತ್ತು. ಗೊತ್ತಿರುವುದರಲ್ಲಿ ಹೇಳಬಹುದಾದದ್ದು ಇನ್ನೂ ಸ್ವಲ್ಪ. ಆ ಸ್ವಲ್ಪವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಆ ಆವರಣಕ್ಕೆ ಹೋದದ್ದು ಎರಡು ಸಾವಿರದ ಇಪ್ಪತ್ತೊಂದರಲ್ಲಿ. ಅದಕ್ಕೆ ಮುಂಚೆ ಗೈದರ್ಸ್‌ಬರ್ಗ್‌ನಲ್ಲಿ ಔಷಧ ತಯಾರಿಕೆಯವರಿಗೆ ಪ್ರೊಸೀಜರ್ ಬರೆದುಕೊಡುತ್ತಿದ್ದೆ. ಪ್ರೊಸೀಜರ್ ಎಂದರೆ ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬ ಪಟ್ಟಿ. ಬರೆಯುವವನಿಗೆ ಆ ಕೆಲಸ ಮಾಡಲು ಬರಬೇಕೆಂಬ ನಿಯಮವಿಲ್ಲ, ನನ್ನ ಜೀವನ ನಡೆದದ್ದೇ ಈ ಅನುಕೂಲದ ಮೇಲೆ. ಹೆಂಡತಿ, ಮಗಳು ಪಕ್ಕದ ರಾಜ್ಯದ ಲಾರೆನ್ಸ್‌ವಿಲ್‌ನ ಮನೆಯಲ್ಲಿ. ನಾನು ವಾರವಿಡೀ ಏಕೆನ್‌ನ ಒಂದು ಬಾಡಿಗೆ ಕೋಣೆಯಲ್ಲಿದ್ದು ಶುಕ್ರವಾರ ಎರಡೂವರೆ ಗಂಟೆ ಡ್ರೈವ್ ಮಾಡಿ ಮನೆ ಸೇರುತ್ತಿದ್ದೆ.

ಸೇರಿದ ಎರಡನೆಯ ವಾರ, ಎಪ್ಪತ್ತರ ಆಸುಪಾಸಿನ, ಕುಳ್ಳಗೆ ಗಟ್ಟಿಮುಟ್ಟಾಗಿದ್ದ ಒಬ್ಬರು ನಾನು ಬರೆದ ಮೊದಲ ಪ್ರೊಸೀಜರನ್ನು ಹಿಡಿದು ನನ್ನ ಮೇಜಿನ ಮುಂದೆ ನಿಂತರು.

"ಈ ಏಳನೇ ಸ್ಟೆಪ್ ಬರದವ್ರು ನೀವೇನ್ರಿ?"

ಕನ್ನಡ ಕೇಳಿ ನಾನು ಎದ್ದು ನಿಂತೆ.

"ಹೆಸರು ನೋಡಿ ನಮ್ಮ ಕಡೆಯವರು ಅನ್ಕೊಂಡೆ. ಯಾವೂರು?"

"ಮೈಸೂರು, ಸರ್."

"ಹಂಗಂದ್ರ ನಮ್ಮ ಕಡೆಯವರಲ್ಲ. ಇರ್ಲಿ ಬಿಡ್ರಿ." ಅವರದು ಬಾಗಲಕೋಟೆ. "ಏಳನೇ ಸ್ಟೆಪ್ಪಿನ್ಯಾಗ 'ಕೇರ್‌ಫುಲ್ಲಿ ಎತ್ತಬೇಕು' ಅಂತ ಬರದೀರಿ. ಆರನೇದ್ರಾಗ ಕೇರ್‌ಫುಲ್ಲಿ ಇಲ್ಲ. ಅಲ್ಲಿ ಉಡಾಫೆ ಮಾಡಬಹುದೇನ್ರಿ?"

ಅಂದಿನಿಂದ ನಾನು ಕ್ರಿಯಾವಿಶೇಷಣಗಳನ್ನು ತ್ಯಜಿಸಿದ್ದೇನೆ. ಈ ಬರಹದಲ್ಲಿ ಒಂದೆರಡು ನುಸುಳಿದ್ದರೆ ಅದು ವಯಸ್ಸಿನ ದೋಷ.

ಅವರ ಕೆಲಸದ ಜಾಗ ಗ್ಲೋವ್ ಬಾಕ್ಸ್. ಮುಂದೆ ದಪ್ಪ ಗಾಜು, ಸುತ್ತ ಉಕ್ಕು. ಗಾಜಿನ ಕೆಳಗೆ ಎರಡು ರಂಧ್ರ, ರಂಧ್ರಗಳಿಗೆ ಮೊಣಕೈ ಮೀರುವಷ್ಟು ಉದ್ದದ ರಬ್ಬರ್ ಕೈಗವಸುಗಳು. ಮನುಷ್ಯ ಹೊರಗೆ ನಿಂತು ಕೈ ಮಾತ್ರ ಒಳಗೆ ಹಾಕುತ್ತಾನೆ. ಅಲ್ಲಿ ಯಾರೂ ಒಬ್ಬರೇ ಏನನ್ನೂ ಮಾಡುವಂತಿಲ್ಲ. ಒಬ್ಬರು ಸ್ಟೆಪ್ಪನ್ನು ಜೋರಾಗಿ ಓದುತ್ತಾರೆ, ಕೈ ಹಾಕಿದವರು ಅದನ್ನೇ ತಿರುಗಿ ಹೇಳುತ್ತಾರೆ, ಆಮೇಲೆ ಮಾಡುತ್ತಾರೆ, ಆಮೇಲೆ ಓದಿದವರು ಗುರುತು ಹಾಕುತ್ತಾರೆ. ಕೈ ಹೊರಗೆ ತೆಗೆದ ಕೂಡಲೇ ಎರಡೂ ಅಂಗೈಗಳನ್ನು ವಿಕಿರಣ ಅಳೆಯುವ ಯಂತ್ರದ ಮುಂದೆ ಹಿಡಿಯಬೇಕು. ಅಲ್ಲಿಯವರೆಗೆ ಏನನ್ನೂ ಮುಟ್ಟುವಂತಿಲ್ಲ, ಸ್ವಂತ ಮೂಗನ್ನು ಸಹ. ಇಷ್ಟು ವರ್ಷದಲ್ಲಿ ಮೂಗಿನ ತುರಿಕೆಯನ್ನು ಮನಸ್ಸಿನಲ್ಲೇ ತುರಿಸಿಕೊಳ್ಳುವ ವಿದ್ಯೆ ತಮಗೆ ಸಿದ್ಧಿಸಿದೆ ಎಂದು ಅವರು ಹೇಳುತ್ತಿದ್ದರು. ಯೋಗಿಗಳು ಇದಕ್ಕಾಗಿ ಹಿಮಾಲಯದವರೆಗೆ ಹೋಗುತ್ತಾರೆ.

ನಾನು ಹೋದಾಗ ನಡೆಯುತ್ತಿದ್ದ ಕೆಲಸ ಕಲಬೆರಕೆಯದು. ಬಾಂಬಿಗೆಂದು ಮಾಡಿಟ್ಟ ಪ್ಲುಟೋನಿಯಂ ಬೇಕಾದ್ದಕ್ಕಿಂತ ಹೆಚ್ಚಾಗಿದೆ. ಅದು ಪುಡಿಯ ರೂಪದಲ್ಲಿ ಬೆಸುಗೆ ಹಾಕಿದ ಉಕ್ಕಿನ ಡಬ್ಬಿಗಳಲ್ಲಿ ಕೂತಿದೆ. ಡಬ್ಬಿ ತೆರೆದು, ಯಾರೂ ಸುಲಭವಾಗಿ ಬೇರ್ಪಡಿಸಲಾಗದಂತೆ ಬೇರೆ ಪುಡಿ ಬೆರೆಸಿ, ಮರುಭೂಮಿಯ ಉಪ್ಪಿನ ಗಣಿಯೊಂದರ ಆಳದಲ್ಲಿ ಹೂಳಲು ಕಳಿಸಬೇಕು.

"ಊರಾಗ ಕಲಬೆರಕೆ ಮಾಡಿದ್ರ ದಂಡ ಹಾಕ್ತಾರ," ಅನ್ನುತ್ತಿದ್ದರು. "ಇಲ್ಲಿ ಸರ್ಟಿಫಿಕೇಟ್ ಕೊಡ್ತಾರ."

ಎಲ್ಲರೂ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ. "ಅದು ಹೊಳೆಯುತ್ತಾ, ಸರ್?"

"ಸಜ್ಜಿ ಹಿಟ್ಟು ನೋಡೀರೇನು? ಹಂಗ ಇರ್ತೈತಿ. ಹೊಳಪೂ ಇಲ್ಲ, ಮಣ್ಣೂ ಇಲ್ಲ. ಮೊದಲ್ನೇ ಸರ್ತಿ ನೋಡಿದಾಗ ನನಗ ಭಾಳ ಬ್ಯಾಸರ ಆಗಿತ್ತು. ಇದಕ್ಕೇನು ಇಷ್ಟೆಲ್ಲಾ ಗದ್ದಲ ಅಂತ."

ಎಲ್ಲ ಡಬ್ಬಿಗಳಲ್ಲಿ ಒಂದು ಡಬ್ಬಿಯ ಮೇಲೆ ಅವರಿಗೆ ಕಣ್ಣಿತ್ತು. ಅದನ್ನು ಅವರು ಹೇಳಿದ್ದು ಕ್ಯಾಂಟೀನಿನಲ್ಲಿ, ಮೊಸರನ್ನದ ಡಬ್ಬಿ ಬಿಚ್ಚುತ್ತ. ಸುಮಾರು ಇಪ್ಪತ್ತು ವರ್ಷದ ಹಿಂದೆ, ಐವತ್ತು ವರ್ಷ ಯಾರೂ ಮುಟ್ಟದಂತೆ ಇರಲಿ ಎಂದು ಈ ಪುಡಿಯನ್ನೆಲ್ಲ ಡಬ್ಬಿಗಳಿಗೆ ತುಂಬಿದ ತಂಡದಲ್ಲಿ ಅವರೂ ಇದ್ದರು. ತುಂಬುವ ಮುಂಚೆ ತೂಕ. ಒಂದು ದಿನ ಒಂದು ತೂಕ ನಿಲ್ಲಲಿಲ್ಲ. ಮೊದಲ ಸಲ ಒಂದು ಅಂಕಿ, ಎರಡನೆಯ ಸಲ ಇನ್ನೊಂದು. ಮೂರನೆಯ ಸಲ ಬಂದದ್ದು ಮಿತಿಯೊಳಗಿದ್ದರೆ ಅದನ್ನೇ ಬರೆದುಕೊಳ್ಳಿ ಎಂದು ಪ್ರೊಸೀಜರ್ ಹೇಳುತ್ತಿತ್ತು. ಮೂರನೆಯದು ಮಿತಿಯೊಳಗಿತ್ತು. ಬರೆದರು, ಸಹಿ ಹಾಕಿದರು, ಬೆಸುಗೆ ಬಿತ್ತು.

"ವ್ಯತ್ಯಾಸ ಎಷ್ಟಿತ್ತು, ಸರ್?"

"ಅಂಕಿ ಹೇಳಾಕ ಬರಂಗಿಲ್ಲ. ಸಾಸಿವಿ ಕಾಳಿನ ಲೆಕ್ಕ ಅನ್ರಿ."

"ಪ್ರೊಸೀಜರ್ ಪ್ರಕಾರ ಸರಿಯೇ ಇದೆಯಲ್ಲ."

"ಪ್ರೊಸೀಜರ್ ಪ್ರಕಾರ ಸರಿ. ನನಗ ಮಾತ್ರ ಮೊದಲ್ನೇದ್ದ ಖರೇ ಅನ್ನಿಸ್ತೈತಿ. ಇಪ್ಪತ್ತು ವರ್ಷ ಆತು, ಇವತ್ತಿಗೂ ಅನ್ನಿಸ್ತೈತಿ. ಆ ಡಬ್ಬಿ ಲೈನಿಗೆ ಬರ್ತೈತಿ. ತಗದು, ತೂಗಿ, ನನ್ನ ಕಣ್ಣಾಗ ನೋಡಬೇಕು. ಅಷ್ಟ ನೋಡ್ರಿ ನಾನು ಮನೀಗೆ ಹೋಗದ ಇರೂದು."

ಮೇಜಿನ ಕೆಲಸಕ್ಕೆ ಬಡ್ತಿ ಬಂದಾಗಲೆಲ್ಲ ಬೇಡವೆಂದವರು, ನಿವೃತ್ತಿಯ ವಯಸ್ಸು ದಾಟಿದ ಮೇಲೂ ಪ್ರತಿ ಸಲ ಕೈಯ ಪರೀಕ್ಷೆ ಪಾಸಾಗಿ ನಿಂತಿದ್ದು ಒಂದು ಸಾಸಿವೆಯ ಸಂಶಯಕ್ಕಾಗಿ. ಸಣ್ಣದೆನ್ನಬೇಕೋ ದೊಡ್ಡದೆನ್ನಬೇಕೋ ನನಗೆ ಅಂದು ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ.

ಹಾಗೆಂದು ಅವರಿಗೆ ಬಾಂಬಿನ ಪ್ಲುಟೋನಿಯಂ ಮೇಲೆ ಪ್ರೀತಿಯಿತ್ತೆಂದಲ್ಲ. ಪ್ರೀತಿಯಿದ್ದದ್ದು ಅದರ ಒಡಹುಟ್ಟಿನ ಮೇಲೆ. ಪ್ಲುಟೋನಿಯಂನಲ್ಲಿ ಇನ್ನೂರ ಮೂವತ್ತೊಂಬತ್ತು ಎಂಬುದೊಂದು, ಇನ್ನೂರ ಮೂವತ್ತೆಂಟು ಎಂಬುದೊಂದು. ಅವರು ಎಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದ್ದು ಮೂವತ್ತೆಂಟರ ಲೈನಿಗೆ. ಅದು ತನ್ನಷ್ಟಕ್ಕೆ ಬಿಸಿಯಾಗಿರುತ್ತದೆ. ಆ ಬಿಸಿಯಿಂದ ವಿದ್ಯುತ್ ತೆಗೆದು, ಸೂರ್ಯನ ಬೆಳಕು ಸಾಲದಷ್ಟು ದೂರಕ್ಕೆ ನೌಕೆಗಳನ್ನು ಕಳಿಸುತ್ತಾರೆ.

"ಮೂವತ್ತೆಂಟು ಸಿಡುಕಿನ ಮನಿಶ್ಯಾ ಇದ್ದಂಗ. ಯಾವಾಗ್ಲೂ ಬಿಸಿ. ಮೂವತ್ತೊಂಬತ್ತು ಸುಮ್ಮ ಕುಂತಿರ್ತೈತಿ. ಆ ಸುಮ್ಮ ಕುಂತದ್ದನ್ನ ನೋಡ್ರಿ ಬಾಂಬಿಗೆ ಹಾಕಿದ್ದು."

ಅವರ ಲೈನಿನಿಂದ ಹೋದ ಇಂಧನ ಶನಿಗ್ರಹಕ್ಕೆ ಹೋದ ನೌಕೆಯಲ್ಲಿತ್ತು. ನೌಕೆ ಕೊನೆಗೆ ಶನಿಯೊಳಕ್ಕೇ ಬಿದ್ದು ಮುಗಿಯಿತು. ನರ್ಸ್ ಆಗಿ ನಿವೃತ್ತರಾದ ಅವರ ಹೆಂಡತಿ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು: "ಎಲ್ಲಾರಿಗೂ ಶನಿ ಕಾಟ ಕೊಡ್ತಾನ. ನಮ್ಮನ್ಯಾಗ ಇವರು ಶನಿಗೆ ಕಾಟ ಕೊಟ್ಟು ಕುಂತಾರ. ನಾ ಯಾವ ದೇವರಿಗೆ ಎಳ್ಳೆಣ್ಣಿ ದೀಪ ಹಚ್ಚಲಿ?" ಆಫೀಸಿನ ಬಗ್ಗೆ ಗಂಡ ಇಷ್ಟು ವರ್ಷದಲ್ಲಿ ಮನೆಯಲ್ಲಿ ಹೇಳಿದ್ದು ಎರಡೇ ಸಂಗತಿಯಂತೆ. ಒಂದು ಶನಿಯದು, ಅದು ಪೇಪರಿನಲ್ಲಿ ಬಂದ ಮೇಲೆ. ಇನ್ನೊಂದು, ಕ್ಯಾಂಟೀನಿನಲ್ಲಿ ಏಸಿ ಜೋರು ಎಂಬುದು.

ಆ ವರ್ಷದ ಗಣೇಶ ಹಬ್ಬಕ್ಕೆ ಇಬ್ಬರೂ ಲಾರೆನ್ಸ್‌ವಿಲ್‌ನ ನಮ್ಮ ಮನೆಗೆ ಬಂದರು. ಕೋವಿಡ್ ಭಯದಿಂದ ಪುರೋಹಿತರು ಮನೆಗಳಿಗೆ ಬರುತ್ತಿರಲಿಲ್ಲ, ಪೂಜಾ ವಿಧಾನದ ಪುಸ್ತಕವಿತ್ತು. ನಾನು ಮಡಿಯುಟ್ಟು ಕೂತೆ. ಪುಸ್ತಕ ಅವರ ಕೈಗೆ ಹೋಯಿತು. ಹೋಗಬಾರದಿತ್ತು.

"ಬಲಗೈಯಲ್ಲಿ ಹೂವು ತೆಗೆದುಕೊಳ್ಳುವುದು," ಎಂದು ಓದಿದರು.

ನಾನು ಹೂವು ತೆಗೆದುಕೊಂಡೆ.

"ತಿರುಗಿ ಹೇಳ್ರಿ ಮೊದಲ."

"ಬಲಗೈಯಲ್ಲಿ ಹೂವು ತೆಗೆದುಕೊಳ್ಳುವುದು."

"ಹಾಂ. ಈಗ ತಗೋರಿ." ಪೆನ್ಸಿಲ್‌ನಿಂದ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿದರು.

ಒಂಬತ್ತನೆಯ ಗುರುತಿನ ನಂತರ ಅವರು ಓದುವುದನ್ನು ನಿಲ್ಲಿಸಿ ಕೈ ಎತ್ತಿದರು. "ಸ್ಟಾಪ್ ವರ್ಕ್."

ಇದು ಅವರ ಕೆಲಸದ ಜಾಗದ ಅತಿ ದೊಡ್ಡ ಮಾತು. ಏನೋ ಸರಿಯಿಲ್ಲ ಎನ್ನಿಸಿದರೆ ಯಾರು ಬೇಕಾದರೂ, ನೆಲ ಒರೆಸುವವರು ಕೂಡ, ಈ ಎರಡು ಪದ ಹೇಳಬಹುದು. ಹೇಳಿದರೆ ಎಲ್ಲ ನಿಲ್ಲಬೇಕು. ಹೇಳಿದವರ ಮೇಲೆ ಯಾರೂ ಸಿಟ್ಟು ಮಾಡುವಂತಿಲ್ಲ. ಈ ಕೊನೆಯ ನಿಯಮ ನನ್ನ ಹೆಂಡತಿಗೆ ಗೊತ್ತಿರಲಿಲ್ಲ.

"ಏನಾಯ್ತು ಸರ್ ಈಗ? ಕಡುಬು ಆರ್ತಾ ಇದೆ."

"ವೈನಿಯವರ, ಇಲ್ಲಿ ಅಕ್ಷತಿ ಹಾಕ್ರಿ ಅಂತ ಐತಿ. ಅಕ್ಷತಿ ಕಲಸೂದು ಮುಂದಿನ ಪುಟದಾಗ ಐತಿ. ಇಲ್ಲದ್ದನ್ನ ಹಾಕೂದು ಹ್ಯಾಂಗ?"

"ಅಕ್ಷತೆ ಬೆಳಿಗ್ಗೇನೇ ಕಲಸಿಟ್ಟಿದೀನಿ. ತಟ್ಟೇಲಿದೆ ನೋಡಿ."

"ಇರಬಹುದ್ರಿ. ಪುಸ್ತಕಕ್ಕ ಗೊತ್ತಿಲ್ಲ."

ಮಗಳು ಮೊಬೈಲಿನಿಂದ ತಲೆಯೆತ್ತಿ, "ಅಂಕಲ್, ಇಟ್ಸ್ ಜಸ್ಟ್ ಅ ಪೂಜಾ. ಗಣೇಶ ವೇಟ್ ಮಾಡ್ತಿದಾನೆ," ಎಂದಳು.

"ಮಾಡ್ಲಿ ಬಿಡವಾ. ವಿಘ್ನ ಅಂದ್ರ ಏನು ಅಂತ ಅವನಿಗೆ ಹೊಸದಾಗಿ ಹೇಳಬೇಕೇನು?"

ಎರಡು ಪುಟಗಳ ಕ್ರಮ ಬದಲಿಸಿ, ಅಂಚಿನಲ್ಲಿ ನನ್ನಿಂದಲೂ ಸಹಿ ಹಾಕಿಸಿಕೊಂಡು, ಅವರು ಪೂಜೆಯನ್ನು ಪುನರಾರಂಭಿಸಿದರು. ಆ ಪುಸ್ತಕ ನಮ್ಮ ದೇವರ ಗೂಡಿನಲ್ಲಿ ಈಗಲೂ ಇದೆ. ತಿದ್ದಿದ ಕ್ರಮವೇ ಸರಿ ಎಂದು ನನ್ನ ವೃತ್ತಿಪರ ಅಭಿಪ್ರಾಯ.

ಮುಂದಿನ ವರ್ಷ ಬೇಸಿಗೆಯ ಹೊತ್ತಿಗೆ ಅವರ ಡಬ್ಬಿ ಇದ್ದ ಗುಂಪಿನ ಸರದಿ ಗೊತ್ತಾಯಿತು. ಇನ್ನು ಮೂರು ವಾರ. ಅವರು ಕ್ಯಾಂಟೀನಿನಲ್ಲಿ ನನ್ನ ಪಕ್ಕ ಕೂತು ಮೂರು ಬೆರಳು ತೋರಿಸಿದರು, ಅಷ್ಟೇ. ಮುಹೂರ್ತ ನಿಶ್ಚಯವಾದ ಮನೆಯವರ ಕಳೆ ಮುಖದ ಮೇಲಿತ್ತು.

ಅದೇ ವಾರ ಆ ಗುಂಪಿಗಾಗಿ ತಿದ್ದಿದ ನನ್ನ ಪ್ರೊಸೀಜರನ್ನು ಒರೆಹಚ್ಚಬೇಕಾಗಿತ್ತು. ಇದಕ್ಕೆಂದೇ ತರಬೇತಿ ಕೋಣೆಯಲ್ಲಿ ಒಂದು ಸುಳ್ಳು ಗ್ಲೋವ್ ಬಾಕ್ಸ್ ಇದೆ. ಎಲ್ಲ ಅಸಲಿಯ ಹಾಗೆ, ಡಬ್ಬಿಯಲ್ಲಿ ಮಾತ್ರ ಯಾರಿಗೂ ಏನೂ ಮಾಡದ ಬಿಳಿ ಪುಡಿ. ನಾನು ಓದಬೇಕು, ಅವರು ಮಾಡಬೇಕು. ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ.

ಹನ್ನೊಂದನೆಯ ಸ್ಟೆಪ್, ಡಬ್ಬಿಯನ್ನು ಬಾಗಿಸಿ ಪುಡಿಯನ್ನು ತಟ್ಟೆಗೆ ಸುರಿಯುವುದು. ಅವರು ತಿರುಗಿ ಹೇಳಿದರು. ಬಾಗಿಸಿದರು. ಬಲಗೈ ನಡುಗಿತು. ತಟ್ಟೆಯ ಹೊರಗೆ ಒಂದು ಚಿಟಿಕೆ ಪುಡಿ ಬಿತ್ತು.

"ಬಿತ್ತು," ಎಂದರು.

"ನಾನು ನೋಡ್ಲಿಲ್ಲ, ಸರ್."

"ನೋಡಿದ್ರಿ. ನಿಮ್ಮ ಪೆನ್ಸಿಲ್ ನಿಂತೈತಿ."

"ಇದು ನನ್ನ ಡಾಕ್ಯುಮೆಂಟಿನ ಟೆಸ್ಟ್, ನಿಮ್ಮದಲ್ಲ. ಒರೆಸಿಬಿಡಿ, ಮತ್ತೆ ಮಾಡೋಣ."

"ಕೈ ಹಿಂಗಾಗಿ ಎಷ್ಟು ದಿನ ಆತು ಅಂತ ಕೇಳ್ರಿ."

"ಕೇಳಲ್ಲ."

"ಯುಗಾದಿಯಿಂದ. ಚಾ ಕಪ್ ಹಿಡದಾಗ ಮಾತ್ರ ಇತ್ತು. ಗ್ಲೌಸಿನ್ಯಾಗ ಇರಲಿಲ್ಲ. ಇವತ್ತ ಬಂತು."

ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ. "ಮೂರು ವಾರ ಸರ್. ಮೂರೇ ವಾರ. ನಿಮ್ಮ ಡಬ್ಬಿ ಬರತ್ತೆ, ತೂಗಿ ನೋಡಿ, ಮಾರನೇ ದಿನ ಹೋಗಿ ಹೇಳಿ. ಇಪ್ಪತ್ತು ವರ್ಷ ಕಾದಿದ್ದೀರಿ."

ಅವರ ಕೈ ಒಳಗೇ ಇತ್ತು. ಗಾಜಿನಾಚೆ ಎಡ ಗ್ಲೌಸು ಕಲ್ಲಿನ ಹಾಗೆ, ಬಲ ಗ್ಲೌಸಿನ ಬೆರಳುಗಳು ಸಣ್ಣಗೆ ಅಲ್ಲಾಡುತ್ತಿದ್ದವು. ನಿಯಮವೊಂದರ ಮುಂದೆ ಅವರು ಯೋಚಿಸುತ್ತ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ವೇಳೆ ಬರೆದುಕೊಳ್ಳುವುದು ನನ್ನ ಕೆಲಸವಾದ್ದರಿಂದ ಹೇಳಬಲ್ಲೆ, ನಾಲ್ಕು ನಿಮಿಷ.

"ಇದು ಮೈದಾ ಹಿಟ್ಟಿನಂಥದ್ದು," ಎಂದರು ಕೊನೆಗೆ. "ಅಲ್ಲಿ ಇರೂದು ಸಜ್ಜಿ ಹಿಟ್ಟು. ಡಬ್ಬಿ ಅಂಚಿಗೆ ಕೈ ಬಡದು ಗ್ಲೌಸ್ ಹರದ್ರ ನಾ ಒಬ್ಬಂವ ಅಲ್ಲ, ನನ್ನ ಮಗ್ಗಲದಾಗ ಇನ್ನೊಬ್ಬಾಕಿ ನಿಂತಿರ್ತಾಳ. ಆಕಿಗೆ ನನ್ನ ಮೂರನೇ ತೂಕದ ಸುದ್ದಿ ಯಾಕ ಬೇಕ್ರಿ?" ಆಮೇಲೆ ಮೆತ್ತಗೆ, ಆದರೆ ನಿಯಮದ ಪ್ರಕಾರ ಕೇಳಿಸುವ ಹಾಗೆ, "ಸ್ಟಾಪ್ ವರ್ಕ್. ಬರ್ಕೋರಿ."

ಬರೆದುಕೊಂಡೆ. ಅವರು ಕೈ ಹೊರಗೆ ತೆಗೆದು ಎರಡೂ ಅಂಗೈಗಳನ್ನು ಯಂತ್ರದ ಮುಂದೆ ಹಿಡಿದರು. ಆ ಕೋಣೆಯಲ್ಲಿ ಅಳೆಯಲು ಏನೂ ಇಲ್ಲ.

ಅಂದು ಸಂಜೆಯೊಳಗೆ ಅವರ ಹೆಸರು ಗ್ಲೋವ್ ಬಾಕ್ಸಿನ ಪಟ್ಟಿಯಿಂದ ಹೋಯಿತು. ಡಾಕ್ಟರು ನೋಡಿ ಇನ್ನು ಸಾಧ್ಯವಿಲ್ಲ ಎಂದರು. ಎರಡನೆಯ ವಾರ ನಿವೃತ್ತಿ. ಕೇಕು ತಂದರು, ದೊಡ್ಡ ಕಾರ್ಡಿಗೆ ಎಲ್ಲರೂ ಸಹಿ ಹಾಕಿದರು. ಮೇಲಿನವರು ಬಹಳ ಒಳ್ಳೆಯ ಮಾತಾಡಿದರು. ಬ್ಯಾಡ್ಜು ವಾಪಸು ತೆಗೆದುಕೊಂಡರು.

ಬ್ಯಾಡ್ಜಿನ ಜೊತೆ ಹೋದದ್ದು ಇನ್ನೊಂದಿದೆ. ಅಲ್ಲಿ ಯಾರಿಗೆ ಏನು ಗೊತ್ತಿರಬೇಕೋ ಅಷ್ಟೇ ಹೇಳುತ್ತಾರೆ. ಮನೆಗೆ ಹೋದವರಿಗೆ ಏನೂ ಗೊತ್ತಿರಬೇಕಾಗಿಲ್ಲ. ತಾವೇ ತೂಗಿ, ತಾವೇ ಬರೆದ ಅಂಕಿಯ ಮುಂದಿನ ಗತಿಯನ್ನು ಅವರಿಗೆ ಹೇಳುವ ಅಧಿಕಾರ ಈಗ ಯಾರಿಗೂ ಇರಲಿಲ್ಲ. ನನಗಂತೂ ಮೊದಲಿನಿಂದಲೂ ಯಾವ ಅಂಕಿಯೂ ಗೊತ್ತಾಗುವಂತಿರಲಿಲ್ಲ.

"ಒಂದು ದಾರಿ ಐತಿ," ಎಂದರು, ನಾನು ಅವರ ಮನೆಗೆ ಊಟಕ್ಕೆ ಹೋದಾಗ. "ಡಬ್ಬಿ ತಗದಾಗ ತೂಕ ಕೂಡಲಿಲ್ಲ ಅಂದ್ರ, ಸಹಿ ಹಾಕಿದವರನ್ನೆಲ್ಲಾ ಕರೀತಾರ. ರಿಟೈರ್ ಆಗಿರ್ಲಿ, ಎಲ್ಲೇ ಇರ್ಲಿ, ಕರೀಲೇಬೇಕು. ಕರದ್ರ ತಪ್ಪು. ಕರೀದಿದ್ರ ಸರಿ. ಆದ್ರ ಎಷ್ಟು ದಿನ ಫೋನ್ ಬರದಿದ್ರ ಇನ್ನ ಬರಂಗಿಲ್ಲ ಅಂತ ತಿಳೀಬೇಕು?"

ಇಂಥ ಪ್ರಶ್ನೆಗೆ ತತ್ವಶಾಸ್ತ್ರದಲ್ಲಿ ಉತ್ತರವಿರಬಹುದು. ಪ್ರೊಸೀಜರಿನಲ್ಲಿಲ್ಲ.

ಅವರ ಹೆಂಡತಿ ರೊಟ್ಟಿ ತಟ್ಟುತ್ತಲೇ ಹೇಳಿದರು: "ಮಂದಿ ಫೋನ್ ಬರ್ಲಿ ಅಂತ ಕಾಯ್ತಾರ. ಇವರು ಬರಬಾರದು ಅಂತ ಕಾಯ್ತಾರ. ಕುಂದ್ರೂದು ಮಾತ್ರ ಫೋನಿನ ಮುಂದ. ನಿನ್ನಿ ಯಾವನೋ ಕಾರಿನ ವಾರಂಟಿ ಮುಗದೈತಿ ಅಂತ ಮಾಡಿದ್ದ. ಇವರು ಎದ್ದು ನಿಂತು ಮಾತಾಡಿದ್ರು."

"ಏರಿಯಾ ಕೋಡ್ ಸೈಟಿಂದಽ ಇತ್ತು," ಎಂದರು ಅವರು, ಗಂಭೀರವಾಗಿ.

ಬೇಸಿಗೆಯೆಲ್ಲ ಹೀಗೇ ಕಳೆಯಿತು. ಬೆಳಿಗ್ಗೆ ನಡೆಯಲು ಹೋಗುವುದನ್ನು ಬಿಟ್ಟರು. ಮೊಬೈಲು ಕೈಯಲ್ಲಿದ್ದರೂ ಸೈಟಿನವರ ಬಳಿ ಇರುವುದು ಮನೆಯ ನಂಬರೇ ಇರಬಹುದು ಎಂಬ ಅನುಮಾನ. ಮಗನಿದ್ದದ್ದು ದೂರದ ಆಶ್‌ಬರ್ನ್‌ನಲ್ಲಿ. ಅವನು ಬರಲು ಕರೆದರೆ, "ಸೆಪ್ಟೆಂಬರ್ ಮುಗೀಲಿ," ಎಂದರು. ಅವನಿಗೂ ಕಾರಣ ಹೇಳುವಂತಿರಲಿಲ್ಲ. ಅಪ್ಪನಿಗೆ ವಯಸ್ಸಾಯಿತು ಎಂದು ಅವನು ತಿಳಿದುಕೊಂಡ.

ಸೆಪ್ಟೆಂಬರಿನ ಕೊನೆಯ ವಾರ ನಾನು ಹೋದೆ. ಏನು ಹೇಳಬಹುದು, ಏನು ಹೇಳಬಾರದು ಎಂದು ಕಾರಿನಲ್ಲಿ ಒಂದು ಪಟ್ಟಿಯನ್ನೇ ಮಾಡಿಕೊಂಡಿದ್ದೆ. ಹೇಳಬಹುದಾದದ್ದು ಒಂದೇ ಇತ್ತು.

"ನನ್ನ ಒಂದು ಡಾಕ್ಯುಮೆಂಟ್ ಕ್ಲೋಸ್ ಆಯ್ತು, ಸರ್."

ಒಂದು ಗುಂಪಿನ ಡಬ್ಬಿಗಳನ್ನೆಲ್ಲ ತೆರೆದು ತೂಗಿ ಮುಗಿದ ಮೇಲೆ ಅದರ ಪ್ರೊಸೀಜರನ್ನು ಮುಚ್ಚುತ್ತಾರೆ. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಅವರು ನನ್ನ ಮುಖವನ್ನೇ ನೋಡಿದರು. "ಯಾವುದು ಅಂತ ಕೇಳಂಗಿಲ್ಲ."

"ಕೇಳ್ಬೇಡಿ."

"ಯಾವತ್ತು ಕ್ಲೋಸ್ ಆತು ಅಂತ ಕೇಳಬಹುದೇನು?"

ನನ್ನ ಪಟ್ಟಿಯಲ್ಲಿ ಇದಿರಲಿಲ್ಲ. ಸ್ವಲ್ಪ ಯೋಚಿಸಿ, "ಮೂರು ವಾರ ಆಯ್ತು," ಎಂದೆ.

ಅವರು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಎಡಗೈಯಿಂದ ಮುರಿದು ಅರ್ಧ ನನಗೆ ಹಾಕಿದರು. ಊಟ ಮುಗಿದ ಮೇಲೆ ಹೆಂಡತಿಯನ್ನು ಕರೆದು, ಆಶ್‌ಬರ್ನ್‌ಗೆ ಯಾವ ದಿನ ಹೊರಡೋಣ ಎಂದು ಕೇಳಿದರು. ಆಕೆ ಕ್ಯಾಲೆಂಡರ್ ತರಲು ಹೋದರು.

ಅವರು ಅಕ್ಟೋಬರಿನಲ್ಲಿ ಆಶ್‌ಬರ್ನ್‌ಗೆ ಹೋಗಿ ಆರು ವಾರ ಇದ್ದು ಬಂದರು. ಅದಾದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಬದುಕಿದ್ದರು. ಸೈಟಿನಿಂದ ಯಾರೂ ಫೋನ್ ಮಾಡಲಿಲ್ಲ.